ಟ್ಯಾಕಲ್ ಬಿಟ್ಟವನೇ ತಪ್ಪಿತಸ್ಥನಾ?

ಓದುಗರ ಪ್ರಶ್ನೆ: ನಮಸ್ಕಾರ ಸರ್. ನಾವು ಸಿಡ್ನಿಯ ಪಶ್ಚಿಮದ ಟೂಂಗಾಬಿಯಲ್ಲಿದ್ದೇವೆ. ಬಂದ ಹೊಸದರಲ್ಲಿ ರಗ್ಬಿ ಲೀಗ್ ಅಂದರೆ ಏನೂ ಗೊತ್ತಿರಲಿಲ್ಲ. ಮಗ ಶಾಲೆಯಲ್ಲಿ ಹುಚ್ಚು ಹಚ್ಚಿಕೊಂಡು ಬಂದ. ಈಗ ಮನೆಮಂದಿಯೆಲ್ಲ ಪ್ಯಾರಮಾಟಾ ಈಲ್ಸ್ ಅಭಿಮಾನಿಗಳು. 2025ರ ಮೊದಲ ಪಂದ್ಯದಲ್ಲೇ ಮೆಲ್ಬರ್ನ್ ಸ್ಟಾರ್ಮ್ ಕೈಯಲ್ಲಿ 56–18ರಿಂದ ಸೋತಾಗ ತುಂಬಾ ಬೇಜಾರಾಯಿತು. ಆವತ್ತಿನಿಂದ ಪ್ರತಿ ಪಂದ್ಯದ ನಂತರ 'ಮಿಸ್ಡ್ ಟ್ಯಾಕಲ್' (ಚೆಂಡು ಹಿಡಿದು ಓಡುವವನನ್ನು ಹಿಡಿಯಲು ಹೋಗಿ ತಪ್ಪಿದ್ದು) ಪಟ್ಟಿ ನೋಡುವುದು ಅಭ್ಯಾಸವಾಗಿದೆ. ಒಂದೊಂದು ದಿನ 30, 35 ಇರುತ್ತೆ. ಸಂಬಳ ತಗೊಂಡು ಆಡುವವರು ಇಷ್ಟೊಂದು ಟ್ಯಾಕಲ್ ಬಿಡೋದು ಹೇಗೆ? ಸೋಮಾರಿತನವಾ, ತರಬೇತಿ ಸಾಲದಾ? ಇನ್ನೊಂದು ವಿಷಯ. 11 ವರ್ಷದ ಮಗ ಸೆಂಟರ್ ಜಾಗದಲ್ಲಿ ಆಡ್ತಾನೆ. ಅವನ ಕೈಯಿಂದಲೂ ಆಟಗಾರರು ಜಾರಿ ಹೋಗ್ತಾರೆ. ಬೈಯಬೇಕಾ, ಸುಮ್ನಿರಬೇಕಾ?

ಉತ್ತರ: ಬೈಯಬೇಡಿ. ಮೈದಾನದಲ್ಲಿ ಡಿಫೆನ್ಸ್ ಮಾಡಲು ತುಂಬಾ ಕಷ್ಟದ ಜಾಗ ಅಂದರೆ ಸೆಂಟರ್. ಹೆಸರು ಸೆಂಟರ್ ಆದರೂ ಅದು ಮಧ್ಯವಲ್ಲ, ಅಂಚಿನಲ್ಲಿ ನಿಲ್ಲುವ ವಿಂಗರ್‌ನ ಒಳಪಕ್ಕ. ಕೋಚ್ ಅವನನ್ನು ಅಲ್ಲಿ ನಿಲ್ಲಿಸಿದ್ದಾರೆ ಅಂದರೆ ಹುಡುಗನಲ್ಲಿ ಏನೋ ಕಂಡಿದ್ದಾರೆ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಪಟ್ಟಿ ನೋಡೋಣ.

ಎನ್‌ಆರ್‌ಎಲ್ (ಈಲ್ಸ್ ಆಡುವ ನ್ಯಾಷನಲ್ ರಗ್ಬಿ ಲೀಗ್) ಪಂದ್ಯದಲ್ಲಿ ಒಂದು ತಂಡ 80 ನಿಮಿಷದಲ್ಲಿ ಸುಮಾರು 300ರಿಂದ 350 ಟ್ಯಾಕಲ್ ಮಾಡುತ್ತದೆ. ಅದರ ಜೊತೆ 30 ತಪ್ಪಿದವು ಅಂದರೆ ಹತ್ತಕ್ಕೆ ಒಂದಕ್ಕಿಂತ ಕಡಿಮೆ ಆಯಿತು. ಗೆದ್ದ ತಂಡದ ಪಟ್ಟಿಯನ್ನೂ ಒಮ್ಮೆ ತೆಗೆದು ನೋಡಿ. ಅಲ್ಲೂ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಕೆಲವು ಸಲ ಗೆದ್ದವರದ್ದೇ ಜಾಸ್ತಿ ಇರುತ್ತದೆ. ಹಾಗಾಗಿ ಒಟ್ಟು ಸಂಖ್ಯೆ ನೋಡಿ ತಂಡದ ಜಾತಕ ಬರೆಯಲು ಆಗುವುದಿಲ್ಲ.

ಆಟಗಾರರ ಹೆಸರಿನ ಮುಂದಿರುವ ಸಂಖ್ಯೆ ಇನ್ನೂ ದಾರಿ ತಪ್ಪಿಸುತ್ತದೆ. ಮಧ್ಯದಲ್ಲಿ ಆಡುವ ಹುಕರ್ ಅಥವಾ ಲಾಕ್ ಒಬ್ಬ 40 ಟ್ಯಾಕಲ್ ಮಾಡಿ 2 ಬಿಟ್ಟ ಅನ್ನಿ. ಶೇಕಡಾ 95. ಸೆಂಟರ್ ಒಬ್ಬ 12 ಮಾಡಿ 3 ಬಿಟ್ಟ. ಶೇಕಡಾ 80. ಮೊದಲನೆಯವನು ಹುಲಿ, ಎರಡನೆಯವನು ದಂಡ ಅನ್ನಿಸುತ್ತದೆ, ಅಲ್ವಾ? ಆದರೆ ಮಧ್ಯದಲ್ಲಿ ನಿಂತವನ ಎಡಬಲಕ್ಕೆ ಕೈಗೆ ಸಿಗುವಷ್ಟು ಹತ್ತಿರ ಜನ ಇರುತ್ತಾರೆ. ಚೆಂಡು ಹಿಡಿದವನು ನೇರವಾಗಿ ಅವನ ಮೇಲೇ ಬರುತ್ತಾನೆ. ಅವನು ತಪ್ಪಿದರೂ ಪಕ್ಕದವನು ಹಿಡಿಯುತ್ತಾನೆ, ನಷ್ಟ ಎರಡು ಮೀಟರ್. ಸೆಂಟರ್ ಒಂಟಿಯಾಗಿ ನಿಂತಿರುತ್ತಾನೆ. ಎದುರಿನವನು ಪೂರ್ತಿ ವೇಗದಲ್ಲಿ, ಎರಡು ಕಡೆಗೂ ತಿರುಗುವ ಅವಕಾಶ ಇಟ್ಟುಕೊಂಡು ಬರುತ್ತಾನೆ. ಇಲ್ಲಿ ತಪ್ಪಿದರೆ ಟ್ರೈ, ಅಂದರೆ ಗೋಲ್ ಗೆರೆಯಾಚೆ ಚೆಂಡು ಊರಿ ಅಂಕ.

ಪಟ್ಟಿಗೆ ಇನ್ನೊಂದು ಕುರುಡು ಇದೆ, ನನಗೆ ಹೆಚ್ಚು ಸಿಟ್ಟು ಬರುವುದು ಅದರ ಮೇಲೆ. ಕೈ ಹಾಕಿ ತಪ್ಪಿಸಿಕೊಂಡರೆ ಮಾತ್ರ ಅದು ಮಿಸ್ಡ್ ಟ್ಯಾಕಲ್. ಯಾರೂ ಕೈಯನ್ನೇ ಹಾಕದಿದ್ದರೆ? ಒಬ್ಬ ತಪ್ಪು ಲೆಕ್ಕ ಹಾಕಿ ತನ್ನ ಜಾಗ ಬಿಟ್ಟು ಓಡಿದ. ಆ ಸಂದಿಯಲ್ಲಿ ಎದುರಾಳಿ ನುಗ್ಗಿದ. ಜಾಗ ಬಿಟ್ಟವನ ಹೆಸರಿನ ಮುಂದೆ ಸೊನ್ನೆ. ಹಿಂದಿನಿಂದ 30 ಮೀಟರ್ ಅಟ್ಟಿಸಿಕೊಂಡು ಬಂದು, ಕೊನೆಗೆ ಜಿಗಿದು ಬೆರಳ ತುದಿ ತಾಗಿಸಿದ ಫುಲ್‌ಬ್ಯಾಕ್ ಹೆಸರಿನ ಮುಂದೆ ಒಂದು. ಮೈಗಳ್ಳನಿಗೆ ಒಳ್ಳೆ ಅಂಕ, ಪ್ರಾಣ ಬಿಟ್ಟು ಓಡಿದವನಿಗೆ ಕೆಟ್ಟ ಹೆಸರು.

ಹಾಗಾದರೆ ಏನು ನೋಡಬೇಕು? ಮೊದಲು ಸ್ವಲ್ಪ ಗಣಿತ. ಮೈದಾನದ ಅಗಲ 68 ಮೀಟರ್. ತಂಡದಲ್ಲಿ 13 ಜನ. ಒದ್ದ ಚೆಂಡಿಗೆ ಕಾದು ಫುಲ್‌ಬ್ಯಾಕ್ ಹಿಂದೆ ನಿಂತಿರುತ್ತಾನೆ. ಟ್ಯಾಕಲ್ ಆದ ಜಾಗದಲ್ಲಿ, ಬಿದ್ದವನ ಎದುರಿಗೇ ನಿಲ್ಲುವ ಇಬ್ಬರು ಮಾರ್ಕರ್‌ಗಳು. ಉಳಿದವರು ಹತ್ತು ಜನ, ರೆಫರಿಯ ಜೊತೆ 10 ಮೀಟರ್ ಹಿಂದಕ್ಕೆ ಹೋಗಿ ಸಾಲಾಗಿ ನಿಲ್ಲಬೇಕು. ನಾಲ್ಕನೇ, ಐದನೇ ಟ್ಯಾಕಲ್ ಹೊತ್ತಿಗೆ ಎದುರಾಳಿ ಚೆಂಡು ಒದೆಯುತ್ತಾನೆ ಅಂತ ವಿಂಗರ್‌ಗಳೂ ಹಿಂದೆ ಸರಿಯುತ್ತಾರೆ. ಆಗ ಸಾಲಿನಲ್ಲಿ ಎಂಟು ಜನ. 68 ಮೀಟರಿಗೆ ಎಂಟು ಜನ. ಎಲ್ಲೋ ಒಂದು ಕಡೆ ತೆಳುವಾಗಲೇಬೇಕು. ಈ ತೆಳು ಎಲ್ಲಿ ಬೀಳಬೇಕು ಅನ್ನುವುದನ್ನು ನಾವು ತೀರ್ಮಾನಿಸುತ್ತೇವಾ, ಎದುರಾಳಿ ತೀರ್ಮಾನಿಸುತ್ತಾನಾ? ಡಿಫೆನ್ಸ್ ಅಂದರೆ ಬಹುಪಾಲು ಇಷ್ಟೇ.

ಅದನ್ನು ತೀರ್ಮಾನಿಸುವುದು ಹಿಂದಿನ ಟ್ಯಾಕಲ್. ಬೆಂಗಳೂರಿನಲ್ಲಿ ಕೂತು ಇದನ್ನು ಓದುವವರಿಗೆ ಒಂದು ಮಾತು. 2025ರಲ್ಲಿ ಶುರುವಾದ ರಗ್ಬಿ ಪ್ರೀಮಿಯರ್ ಲೀಗಿನಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಆಟ ನೋಡಿರಬಹುದು. ಅದು ಏಳು ಜನರ ರಗ್ಬಿ ಯೂನಿಯನ್, ಬೀಳಿಸಿದ ಮೇಲೆ ಚೆಂಡಿಗಾಗಿ ಕಿತ್ತಾಟ ನಡೆಯುತ್ತದೆ. ಲೀಗ್ ಬೇರೆ. ಇಲ್ಲಿ ಬಿದ್ದವನು ಎದ್ದು ನಿಂತು, ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸುತ್ತಾನೆ. ಇದಕ್ಕೆ ಪ್ಲೇ-ದ-ಬಾಲ್ ಅನ್ನುತ್ತಾರೆ. ಆರು ಸಲ ಹಿಡಿಸಿಕೊಂಡರೆ ಚೆಂಡು ಬಿಟ್ಟುಕೊಡಬೇಕು. ಬಿದ್ದವನು ಎಷ್ಟು ಬೇಗ ಎದ್ದ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ. ಮೂರು ಸೆಕೆಂಡಿನೊಳಗೆ ಎದ್ದುಬಿಟ್ಟರೆ ಡಿಫೆನ್ಸಿನವರು ಇನ್ನೂ ಹಿಂದಕ್ಕೆ ನಡೆಯುತ್ತಲೇ ಇರುತ್ತಾರೆ. ಇನ್ನೊಂದು ಸೆಕೆಂಡು ತಡವಾದರೂ ಸಾಕು, ಸಾಲು ಕೂಡಿಕೊಂಡು ಒಟ್ಟಿಗೆ ಮುಂದೆ ನುಗ್ಗಬಹುದು. ಒಬ್ಬನ ಮೇಲೆ ಮೂವರು ಬಿದ್ದು, ಬೆನ್ನ ಮೇಲೆ ಮಲಗಿಸಿ, ನಿಧಾನಕ್ಕೆ ಏಳುವುದನ್ನು ನೋಡಿ 'ಏನಪ್ಪಾ ಈ ಕುಸ್ತಿ' ಅಂತ ನೀವು ಬೇಸರಪಟ್ಟಿರಬಹುದು. ಆ ಒಂದು ಸೆಕೆಂಡಿಗಾಗಿ ಅಷ್ಟೆಲ್ಲ ಒದ್ದಾಟ.

ಈಗ ಒಂದು ಟ್ರೈಯನ್ನು ಹತ್ತಿರದಿಂದ ನೋಡೋಣ. ಯಾವ ವಾರಾಂತ್ಯದಲ್ಲಿ ಬೇಕಾದರೂ ಕಾಣುವ ಮಾದರಿ ಇದು.

ಎದುರಾಳಿ ನಿಮ್ಮ ಗೋಲ್ ಗೆರೆಯಿಂದ 20 ಮೀಟರ್ ದೂರದಲ್ಲಿದ್ದಾರೆ. ಮಧ್ಯದಲ್ಲಿ ಅವರ ಭಾರೀ ಮೈಕಟ್ಟಿನ ಪ್ರಾಪ್ ನುಗ್ಗುತ್ತಾನೆ. ನಿಮ್ಮವರಿಬ್ಬರು ಅವನ ಎದೆಮಟ್ಟಕ್ಕೆ ಹಿಡಿಯುತ್ತಾರೆ. ಕಾಲು ಹಿಡಿಯಬೇಕಾದ ಮೂರನೆಯವನು ಬರುವುದು ತಡ. ಪ್ರಾಪ್ ಮುಂದಕ್ಕೆ ವಾಲಿ ಹೊಟ್ಟೆ ಮೇಲೆ ಬೀಳುತ್ತಾನೆ, ಪಟ್ಟನೆ ಎದ್ದು ಚೆಂಡು ಉರುಳಿಸುತ್ತಾನೆ. ನಿಮ್ಮ ಮಾರ್ಕರ್‌ಗಳಲ್ಲಿ ಒಬ್ಬ ಇನ್ನೂ ಮೊಣಕಾಲ ಮೇಲಿದ್ದಾನೆ. ಬಿದ್ದವನ ಹಿಂದೆ ಚೆಂಡಿಗೆ ಕಾದಿದ್ದ ಡಮ್ಮಿ ಹಾಫ್ ಅದನ್ನು ಎತ್ತಿ ಎರಡು ಹೆಜ್ಜೆ ಓಡುತ್ತಾನೆ. ಅವನೇ ಓಡಿಬಿಡುತ್ತಾನೆ ಅಂತ ನಿಮ್ಮ ಒಳಗಿನ ಇಬ್ಬರು ಅಲ್ಲೇ ನಿಲ್ಲುತ್ತಾರೆ. ನಿಂತರಲ್ಲ, ಅಲ್ಲಿಗೆ ಅವರಿಬ್ಬರು ಈ ಆಟದಿಂದ ಹೊರಗೆ.

ಪಾಸ್ ಅವರ ದಾಳಿ ನಡೆಸುವ ಹಾಫ್‌ಬ್ಯಾಕ್‌ಗೆ ಹೋಗುತ್ತದೆ. ಅವನ ಪಕ್ಕದಿಂದ ಸೆಕೆಂಡ್ ರೋವರ್ ಒಬ್ಬ ಚೆಂಡು ತನಗೇ ಅನ್ನುವ ಹಾಗೆ ಬಾಣದಂತೆ ಬರುತ್ತಾನೆ. ಅವನು ಬರೀ ಡಿಕಾಯ್, ಕಣ್ಣಿಗೆ ಮಣ್ಣೆರಚಲು ಬಂದವನು. ಅವನನ್ನು ನೋಡಿ ನಿಮ್ಮ ಫೈವ್-ಎಯ್ತ್ ಆಟಗಾರ ಹೆಗಲು ಒಳಗೆ ತಿರುಗಿಸುತ್ತಾನೆ. ಅವನ ಹೊರಗೆ ನಿಂತ ನಿಮ್ಮ ಸೆಕೆಂಡ್ ರೋವರ್‌ಗೂ ನಂಬಿಕೆ ಸಾಲದು, ಅವನೂ ಒಳಗೆ ಬರುತ್ತಾನೆ. ಒಬ್ಬ ಡಿಕಾಯ್ ನಿಮ್ಮ ಇಬ್ಬರನ್ನು ತಿಂದ. ಚೆಂಡು ಅವನ ಬೆನ್ನ ಹಿಂದಿನಿಂದ ಅವರ ಫುಲ್‌ಬ್ಯಾಕ್ ಕೈ ಸೇರುತ್ತದೆ. ಈಗ ಅವರು ಮೂವರು: ಫುಲ್‌ಬ್ಯಾಕ್, ಸೆಂಟರ್, ವಿಂಗರ್. ನಿಮ್ಮವರು ಇಬ್ಬರು.

ನಿಮ್ಮ ಸೆಂಟರ್ ಮುಂದೆ ಎರಡು ದಾರಿ. ಸರ್ರನೆ ಒಳಗೆ ನುಗ್ಗಿ ಫುಲ್‌ಬ್ಯಾಕ್‌ನನ್ನು ಚೆಂಡಿನ ಸಮೇತ ಹಿಡಿಯಬೇಕು, ಅದು ಜ್ಯಾಮ್. ಇಲ್ಲವೇ ಹಿಂದೆ ಸರಿಯುತ್ತ, ಹೊರಗೆ ಜಾರುತ್ತ, ಒಳಗಿನವರು ಬಂದು ಸೇರುವ ತನಕ ಹೊತ್ತು ಕಳೆಯಬೇಕು, ಅದು ಸ್ಲೈಡ್. ಎರಡೂ ಸರಿಯೇ. ಯಾವುದೂ ತೀರ್ಮಾನವಾಗದೆ ಅರ್ಧ ಸೆಕೆಂಡು ನಿಂತದ್ದು ಮಾತ್ರ ತಪ್ಪು. ನಿಂತ ಕಾಲಿನಲ್ಲಿ ಟ್ಯಾಕಲ್ ಬರುವುದಿಲ್ಲ. ಫುಲ್‌ಬ್ಯಾಕ್ ಒಂದು ಹೆಜ್ಜೆ ಒಳಗೆ ಹಾಕಿ ಹೊರಗೆ ಹಾರುತ್ತಾನೆ. ಸೆಂಟರ್ ಕೈಗೆ ಜರ್ಸಿ ತಾಗುತ್ತದೆ, ಬೆರಳು ಸಿಕ್ಕುವುದಿಲ್ಲ. ಟ್ರೈ.

ಪಟ್ಟಿಯಲ್ಲಿ ಸೆಂಟರ್‌ಗೆ ಒಂದು ಮಿಸ್ಡ್ ಟ್ಯಾಕಲ್. ಕಾಲು ಹಿಡಿಯಲು ಬಾರದ ಮೂರನೆಯವನಿಗೆ, ಮೊಣಕಾಲ ಮೇಲಿದ್ದ ಮಾರ್ಕರ್‌ಗೆ, ಅಲ್ಲೇ ನಿಂತ ಇಬ್ಬರಿಗೆ, ಡಿಕಾಯ್ ನಂಬಿದ ಇಬ್ಬರಿಗೆ ಏನೂ ಇಲ್ಲ. ಕಬಡ್ಡಿ ನೋಡಿ ಬೆಳೆದವರಿಗೆ ಇದು ಬೇಗ ಹೊಳೆಯುತ್ತದೆ. ಕಾರ್ನರ್‌ನವನು ಪಾದಕ್ಕೆ ಬಿದ್ದ, ಕವರ್‌ನವರು ಮುಚ್ಚಿಕೊಂಡು ಬರಲಿಲ್ಲ, ರೇಡರ್ ಕೊಡವಿಕೊಂಡು ಗೆರೆ ಮುಟ್ಟಿದ. ಅಲ್ಲಿ ಕಾರ್ನರ್ ಒಬ್ಬನನ್ನೇ ಯಾರು ಬೈಯುತ್ತಾರೆ? ಕ್ಲಬ್ಬಿನ ಕೋಚ್‌ಗಳು ಸೋಮವಾರ ವಿಡಿಯೊ ಹಾಕಿಕೊಂಡು ಕೂತಾಗ ಟ್ರೈಯಿಂದ ಹಿಂದಕ್ಕೆ ಹೋಗುತ್ತಾರೆ. ಒಂದು ಟ್ಯಾಕಲ್ ಹಿಂದೆ, ಎರಡು ಟ್ಯಾಕಲ್ ಹಿಂದೆ. ನೀವೂ ಹಾಗೆ ನೋಡಿ.

ಇನ್ನೊಂದು ಕಾರಣ ಸುಸ್ತು. ಇದನ್ನು ಎಷ್ಟು ಹೇಳಿದರೂ ಕಡಿಮೆ. ಟ್ಯಾಕಲ್ ತಪ್ಪುವುದು ಕೈಯಿಂದ ಅನ್ನಿಸಿದರೂ ನಿಜವಾಗಿ ಕಾಲು ಕೈಕೊಟ್ಟಿರುತ್ತದೆ. ಸುಸ್ತಾದವನು ಕೊನೆಯ ಆ ಒಂದು ಹೆಜ್ಜೆ ಹಾಕುವುದಿಲ್ಲ. ದೂರದಿಂದಲೇ ಕೈ ಚಾಚುತ್ತಾನೆ. ಎನ್‌ಆರ್‌ಎಲ್‌ನಲ್ಲಿ 2016ರಿಂದ ಒಂದು ಪಂದ್ಯದಲ್ಲಿ ತಂಡಕ್ಕೆ ಆಟಗಾರರ ಎಂಟೇ ಬದಲಾವಣೆ, ಮೊದಲು ಹತ್ತಿತ್ತು. 2020ರಲ್ಲಿ 'ಸಿಕ್ಸ್ ಅಗೇನ್' ಬಂತು. ಬಿದ್ದವನನ್ನು ಜಾಸ್ತಿ ಹೊತ್ತು ಒತ್ತಿ ಹಿಡಿದರೆ ಮೊದಲು ಪೆನಾಲ್ಟಿ ಸಿಗುತ್ತಿತ್ತು. ಆಟ ನಿಲ್ಲುತ್ತಿತ್ತು, ಡಿಫೆನ್ಸಿನವರು ಸೊಂಟಕ್ಕೆ ಕೈ ಇಟ್ಟು ಉಸಿರು ತೆಗೆದುಕೊಳ್ಳುತ್ತಿದ್ದರು. ಈಗ ಹೆಚ್ಚಾಗಿ ರೆಫರಿ ಕೈ ಬೀಸುತ್ತಾನೆ, ಟ್ಯಾಕಲ್ ಎಣಿಕೆ ಮತ್ತೆ ಮೊದಲಿನಿಂದ ಶುರು, ಆಟ ನಿಲ್ಲುವುದಿಲ್ಲ. ಒಂದೇ ಸಮನೆ 10–12 ಟ್ಯಾಕಲ್ ಮಾಡಿದ ಪ್ರಾಪ್‌ನ ಪಕ್ಕದ ಸಂದಿಯನ್ನೇ ಹುಡುಕಿಕೊಂಡು ಬರುತ್ತಾರೆ ಜಾಣ ಹಾಫ್‌ಬ್ಯಾಕ್‌ಗಳು.

ಈ ಸುಸ್ತಿನ ಮೂಲ ಹೆಚ್ಚಾಗಿ ನಮ್ಮದೇ ದಾಳಿಯಲ್ಲಿರುತ್ತದೆ. ನಮ್ಮ 20 ಮೀಟರ್ ಒಳಗೆ, ಎರಡನೇ ಟ್ಯಾಕಲ್‌ನಲ್ಲಿ ಚೆಂಡು ಕೈಜಾರಿತು ಅನ್ನಿ. ಈಗಷ್ಟೇ ಆರು ಟ್ಯಾಕಲ್ ಮಾಡಿ ಬಂದವರು ಮತ್ತೆ ಆರು ಮಾಡಬೇಕು, ಅದೂ ಗೋಲ್ ಗೆರೆಯ ಬಾಗಿಲಲ್ಲಿ. 2023ರ ಜುಲೈನಲ್ಲಿ ಟೌನ್ಸ್‌ವಿಲ್‌ನಲ್ಲಿ ನಾರ್ತ್ ಕ್ವೀನ್ಸ್‌ಲ್ಯಾಂಡ್ ಕೌಬಾಯ್ಸ್ ತಂಡ ವೆಸ್ಟ್ಸ್ ಟೈಗರ್ಸ್ ಮೇಲೆ 74–0ರಿಂದ ಗೆದ್ದದ್ದು ನೆನಪಿರಬಹುದು. ಇಂಥ ಸ್ಕೋರ್ ಕಂಡಾಗ 'ಆಟವನ್ನೇ ಕೈಬಿಟ್ಟರು' ಅಂದುಬಿಡುತ್ತೇವೆ. ಆದರೆ ಆ ಹೊತ್ತಿನ ನಿಯಮ ನೋಡಿ. ಟ್ರೈ ಬಿಟ್ಟುಕೊಟ್ಟ ತಂಡವೇ ಕಿಕ್ ಆಫ್ ಮಾಡಬೇಕು. ಅಂದರೆ ಚೆಂಡು ಮತ್ತೆ ಟ್ರೈ ಹೊಡೆದವರ ಕೈಗೇ. ಒಂದು ಟ್ರೈ ಬಿಟ್ಟವರು ಮತ್ತೆ ಡಿಫೆನ್ಸ್ ಮಾಡುತ್ತಾರೆ, ಇನ್ನಷ್ಟು ಸುಸ್ತಾಗುತ್ತಾರೆ, ಇನ್ನೊಂದು ಬಿಡುತ್ತಾರೆ. ಒಮ್ಮೆ ಇಳಿಜಾರು ಹಿಡಿದರೆ ನಿಲ್ಲಿಸುವುದು ಕಷ್ಟ. ಟೈಗರ್ಸ್ 2022, 2023, 2024 ಮೂರೂ ವರ್ಷ ಕೊನೆಯ ಸ್ಥಾನದಲ್ಲಿ ಕೂತರು. ಅದು ಬರೀ ಟ್ಯಾಕಲ್ ತಂತ್ರದ ಕೊರತೆ ಅಂದರೆ ನಾನು ಒಪ್ಪುವುದಿಲ್ಲ.

ಹಾಗಾದರೆ ಒಳ್ಳೆಯ ಡಿಫೆನ್ಸ್ ತಂಡ ಟ್ಯಾಕಲ್ ಬಿಡುವುದೇ ಇಲ್ಲವಾ? ಬಿಡುತ್ತದೆ. 2021ರ ಪೆನ್ರಿತ್ ಪ್ಯಾಂಥರ್ಸ್ ತೆಗೆದುಕೊಳ್ಳಿ. ಲೀಗ್ ಹಂತದ 24 ಪಂದ್ಯಗಳಲ್ಲಿ ಅವರು ಬಿಟ್ಟದ್ದು 286 ಅಂಕ, ಪಂದ್ಯಕ್ಕೆ 12 ಕೂಡ ಇಲ್ಲ. ಫೈನಲ್ಸ್‌ನಲ್ಲಿ ನಿಮ್ಮ ಈಲ್ಸ್ ಮೇಲೇ 8–6, ಮೆಲ್ಬರ್ನ್ ಮೇಲೆ 10–6, ಗ್ರ್ಯಾಂಡ್ ಫೈನಲ್‌ನಲ್ಲಿ ಸೌತ್ ಸಿಡ್ನಿ ಮೇಲೆ 14–12. ಆ 8–6 ಇನ್ನೂ ನಿಮ್ಮ ಊರಿನವರಿಗೆ ಚುಚ್ಚುತ್ತದೆ ಅಂತ ಗೊತ್ತು, ಕ್ಷಮಿಸಿ. ಆ ಪಂದ್ಯಗಳನ್ನು ಮತ್ತೆ ಹಾಕಿ ನೋಡಿದರೆ ಪೆನ್ರಿತ್‌ನವರ ಕೈಯಿಂದಲೂ ಜನ ಜಾರುವುದು ಕಾಣುತ್ತದೆ. ಆದರೆ ಜಾರಿದವನ ಮುಂದೆ ಇನ್ನೊಬ್ಬ ಇರುತ್ತಾನೆ, ಅವನ ಹಿಂದೆ ಮತ್ತೊಬ್ಬ. ಇದಕ್ಕೆ ಸ್ಕ್ರ್ಯಾಂಬಲ್ ಅನ್ನುತ್ತಾರೆ. ಸಾಲು ಒಡೆದ ಮೇಲೆ ಎಲ್ಲರೂ ತಿರುಗಿ ಓಡುವುದು. ಇದರಲ್ಲಿ ತಂತ್ರಕ್ಕಿಂತ ಹಟ ಜಾಸ್ತಿ.

ಅದೇ ಕ್ಲಬ್ಬಿನ ಹಳೆಯ ಒಂದು ಟ್ಯಾಕಲ್ ಇದೆ. 2003ರ ಗ್ರ್ಯಾಂಡ್ ಫೈನಲ್, ಎದುರಾಳಿ ಸಿಡ್ನಿ ರೂಸ್ಟರ್ಸ್, ಸ್ಕೋರ್ 6–6. ರೂಸ್ಟರ್ಸ್ ವಿಂಗರ್ ಟಾಡ್ ಬರ್ನ್ ಅಂಚಿನ ಗೆರೆ ಹಿಡಿದು ಓಡುತ್ತಿದ್ದ. ಮುಂದೆ ಬರೀ ಹುಲ್ಲು. ವಿಂಗರ್‌ಗಿಂತ ನಿಧಾನ ಓಡುವ ಲಾಕ್ ಸ್ಕಾಟ್ ಸ್ಯಾಟ್ಲರ್ ಮೈದಾನವನ್ನು ಅಡ್ಡಕ್ಕೆ ಸೀಳಿಕೊಂಡು ಬಂದ. ಅವನು ಬರ್ನ್‌ನ ಹಿಂದೆ ಓಡಲಿಲ್ಲ, ಬರ್ನ್ ಎಲ್ಲಿರುತ್ತಾನೋ ಆ ಜಾಗಕ್ಕೆ ಓಡಿದ. ಕೆಳಮಟ್ಟಕ್ಕೆ ಹಿಡಿದು ಗೆರೆಯಾಚೆ ಎಸೆದ. ಪೆನ್ರಿತ್ 18–6ರಿಂದ ಗೆದ್ದಿತು. ಮಗನಿಗೆ ಆ ತುಣುಕು ತೋರಿಸಿ. ಓಟದ ಕೋನ ಅಂದರೇನು ಅಂತ ನೂರು ಮಾತಿನಲ್ಲಿ ಹೇಳುವುದಕ್ಕಿಂತ ಅದು ಮೇಲು.

ಅತ್ಯುತ್ತಮ ಡಿಫೆನ್ಸ್ ಕೂಡ ಕುಸಿಯುತ್ತದೆ, ಅದನ್ನೂ ಹೇಳಬೇಕು. 2023ರ ಗ್ರ್ಯಾಂಡ್ ಫೈನಲ್‌ನಲ್ಲಿ ಬ್ರಿಸ್ಬೇನ್‌ನ ಎಜ್ರಾ ಮ್ಯಾಮ್ ದ್ವಿತೀಯಾರ್ಧದಲ್ಲಿ ಮೂರು ಟ್ರೈ ಹೊಡೆದು ಪೆನ್ರಿತ್‌ನ ಸಾಲನ್ನು ಚಿಂದಿ ಮಾಡಿದ. 24–8. ಮುಗಿಯಿತು ಅಂದುಕೊಂಡವರೇ ಎಲ್ಲ. ಆಮೇಲೆ ಸುಸ್ತಾಗುವ ಸರದಿ ಬ್ರಿಸ್ಬೇನ್‌ದು. ಕೊನೆಗೆ ನೇಥನ್ ಕ್ಲಿಯರಿ ದಣಿದ ಸಾಲನ್ನು ತಾನೇ ಸೀಳಿ ಟ್ರೈ ಹೊಡೆದ, 26–24. ಅಷ್ಟು ಹೊತ್ತು ಗಟ್ಟಿಯಾಗಿ ನಿಂತಿದ್ದವರೇ ಕೊನೆಯ ಹೊತ್ತಿನಲ್ಲಿ ಕೈ ಚಾಚುತ್ತಾ ನಿಂತರು. ಅವರನ್ನು ಸೋಮಾರಿಗಳು ಅನ್ನಲು ಆಗುತ್ತದಾ?

ಈಲ್ಸ್ ವಿಷಯ. 2022ರಲ್ಲಿ ಗ್ರ್ಯಾಂಡ್ ಫೈನಲ್ ಆಡಿದ ತಂಡ 2024ರಲ್ಲಿ 15ನೇ ಸ್ಥಾನಕ್ಕೆ ಇಳಿಯಿತು. ಆ ವರ್ಷದ ಮಧ್ಯದಲ್ಲೇ ಕೋಚ್ ಬ್ರ್ಯಾಡ್ ಆರ್ಥರ್ ಹೋದರು. 2025ಕ್ಕೆ ಜೇಸನ್ ರೈಲ್ಸ್ ಬಂದರು. ನೀವು ಬೇಜಾರು ಮಾಡಿಕೊಂಡ ಆ 56–18 ಪಂದ್ಯ ಅವರ ಕೈಕೆಳಗೆ ತಂಡದ ಮೊದಲ ಪಂದ್ಯ. ಹೊಸ ಕೋಚ್ ಬಂದಾಗ ಟ್ಯಾಕಲ್ ಮಾಡುವುದು ಯಾರೂ ಮರೆಯುವುದಿಲ್ಲ. ಆದರೆ ಯಾವಾಗ ಜ್ಯಾಮ್, ಯಾವಾಗ ಸ್ಲೈಡ್ ಅನ್ನುವ ನಿಯಮ ಬದಲಾಗುತ್ತದೆ. ಪಕ್ಕದಲ್ಲಿ ಹೊಸಬ ನಿಂತಿರುತ್ತಾನೆ. ಅವನು ಒಳಗಿನವನನ್ನು ನೋಡಿಕೊಳ್ಳುತ್ತಾನಾ ಇಲ್ಲವಾ ಅಂತ ಅರೆಕ್ಷಣ ಅನುಮಾನ. ಎಡ್ಜ್‌ನಲ್ಲಿ, ಅಂದರೆ ಅಂಚಿನ ಕಡೆ, ನಿಲ್ಲುವ ನಾಲ್ವರು ಒಬ್ಬರ ಮಾತು ಒಬ್ಬರಿಗೆ ಕೇಳದೆಯೇ ಅರ್ಥವಾಗುವ ಹಾಗೆ ಆಗಲು ತಿಂಗಳುಗಳು ಬೇಕು. ಮೆಲ್ಬರ್ನ್‌ನಂಥ ತಂಡ, ಹ್ಯಾರಿ ಗ್ರ್ಯಾಂಟ್‌ನಂಥ ಚುರುಕಿನ ಡಮ್ಮಿ ಹಾಫ್ ಇಟ್ಟುಕೊಂಡು ಆಡುವವರು, ಆ ಅರೆಕ್ಷಣವನ್ನೇ ತಿಂದು ಬದುಕುತ್ತಾರೆ.

ಮುಂದಿನ ಸಲ ಕಾಮ್‌ಬ್ಯಾಂಕ್ ಸ್ಟೇಡಿಯಂಗೆ ಹೋದಾಗ ಚೆಂಡು ಬಿಟ್ಟು ಈ ಎರಡನ್ನು ನೋಡಿ. ಒಂದು, ಟ್ಯಾಕಲ್ ಆದ ಮೇಲೆ ನಮ್ಮ ಮಾರ್ಕರ್‌ಗಳು ನೆಟ್ಟಗೆ ನಿಂತಿದ್ದಾರಾ, ಇನ್ನೂ ಎದ್ದೇಳುತ್ತಲೇ ಇದ್ದಾರಾ? ಎರಡು, ಸಾಲು ಒಟ್ಟಿಗೆ ಮುಂದೆ ಬರುತ್ತಿದೆಯಾ, ಅಥವಾ ಒಬ್ಬ ಮುಂದೆ ಒಬ್ಬ ಹಿಂದೆ ಅಂಕುಡೊಂಕಾಗಿದೆಯಾ? ಗೋಲ್ ಹಿಂದಿನ ಸೀಟು ಸಿಕ್ಕರೆ ಇನ್ನೂ ಒಳ್ಳೆಯದು. ಟಿವಿಯಲ್ಲಿ ಈ ಅಂಕುಡೊಂಕು ಕಾಣುವುದೇ ಇಲ್ಲ, ಕ್ಯಾಮೆರಾ ಚೆಂಡಿನ ಹಿಂದೆ ಬಿದ್ದಿರುತ್ತದೆ.

ಇನ್ನು ಮಗ. 11 ವರ್ಷದ ಹುಡುಗರಲ್ಲಿ ಒಬ್ಬ 30 ಕೆಜಿ, ಇನ್ನೊಬ್ಬ 60 ಕೆಜಿ ಇರುತ್ತಾನೆ. ಪಶ್ಚಿಮ ಸಿಡ್ನಿಯಲ್ಲಿ ಈ ಅಂತರ ನಿಮಗೇ ಕಂಡಿರುತ್ತದೆ. ಹಾಗಾಗಿ ಶಕ್ತಿಯ ಮಾತು ಬೇಡ, ಕಾಲಿನ ಮಾತು ಆಡಿ. ಓಡಿ ಬರುವವನ ಮುಖ, ಕೈ, ಚೆಂಡು ಯಾವುದನ್ನೂ ನೋಡಬಾರದು. ಚಡ್ಡಿ ನೋಡಬೇಕು. ತಲೆ ಭುಜ ಎಲ್ಲ ಸುಳ್ಳು ಹೇಳಬಹುದು, ಸೊಂಟ ಹೇಳುವುದಿಲ್ಲ. ಹತ್ತಿರ ಬರುತ್ತಿದ್ದಂತೆ ಹೆಜ್ಜೆ ಸಣ್ಣದಾಗಬೇಕು, ನಿಲ್ಲಬಾರದು. ಯಾವ ಭುಜ ತಾಗಿಸುತ್ತಾನೋ ಅದೇ ಕಡೆಯ ಪಾದ ಎದುರಿನವನ ಕಾಲ ಹತ್ತಿರ ಊರಬೇಕು. ಪಾದ ದೂರ ಇದ್ದರೆ ಕೈ ಚಾಚುತ್ತಾನೆ, ಚಾಚಿದ ಕೈಯಿಂದ ಯಾರಾದರೂ ಜಾರುತ್ತಾರೆ. ತಲೆ ಎದುರಿನವನ ಪಕ್ಕಕ್ಕೆ, ಹಿಂಬದಿಗೆ ಇರಬೇಕು. ಮುಂದೆ ಅಡ್ಡ ಹೋಗಲೇಬಾರದು. ಆಮೇಲೆ ಎರಡು ಕೈ ಸುತ್ತಿ ಬಿಗಿಹಿಡಿದರೆ ಸಾಕು, ದೊಡ್ಡವನಾದರೂ ಬೀಳುತ್ತಾನೆ.

ಇದನ್ನು ಹಿತ್ತಲಲ್ಲೇ ಮಾಡಿಸಬಹುದು. ಮೊದಲು ಇಬ್ಬರೂ ಮೊಣಕಾಲ ಮೇಲೆ. ಆಮೇಲೆ ನಡೆಯುತ್ತ. ಓಡುವುದು ಕೊನೆಗೆ. ನೀವೇ ಚೆಂಡು ಹಿಡಿದು ನಡೆಯಿರಿ, ಅವನು ಹಿಡಿಯಲಿ. ಎಡ ಭುಜಕ್ಕೂ ಬಲದಷ್ಟೇ ಅಭ್ಯಾಸ ಬೇಕು. ಮಕ್ಕಳು ಬಲಗಡೆಗೆ ಮಾತ್ರ ಚೆನ್ನಾಗಿ ಹಿಡಿಯುತ್ತಾರೆ, ಎದುರಾಳಿ ತಂಡದವರಿಗೆ ಅದು ಎರಡು ವಾರದಲ್ಲಿ ಗೊತ್ತಾಗಿಬಿಡುತ್ತದೆ.

ಸೆಂಟರ್ ಆಗಿರುವುದರಿಂದ ಇನ್ನೊಂದು. ಎದುರಿನವನ ನೇರ ಮುಂದೆ ನಿಲ್ಲದೆ, ಒಂದು ಭುಜದಷ್ಟು ಒಳಗೆ ನಿಲ್ಲಲು ಹೇಳಿ. ಆಗ ಎದುರಾಳಿಗೆ ಹೊರಗಿನ ದಾರಿ ಮಾತ್ರ ಉಳಿಯುತ್ತದೆ, ಹೊರಗೆ ಅಂಚಿನ ಗೆರೆ ಇದೆ. ಮೂವರ ಎದುರು ಇಬ್ಬರೇ ಉಳಿದರೆ ಅವನು ಹಿಂದೆ ಸರಿಯುತ್ತ ಹೊತ್ತು ಕಳೆಯಲಿ, ಅದು ಹೇಡಿತನವಲ್ಲ. ಮುಖ್ಯವಾಗಿ ಬಾಯಿ ಬಿಡಲಿ. 'ನನ್ನವನು', 'ಒಳಗೆ ನೋಡ್ಕೋ' ಅಂತ ಕೂಗಲಿ. ನಮ್ಮ ಮಕ್ಕಳು ಮೈದಾನದಲ್ಲಿ ಮಾತಾಡಲು ತುಂಬಾ ಸಂಕೋಚಪಡುತ್ತಾರೆ. ಮನೆಯಲ್ಲಿ ಮಾತ್ರ ಬಾಯಿ ನಿಲ್ಲುವುದಿಲ್ಲ!

ತಲೆಗೆ ಪೆಟ್ಟು ಬಿದ್ದು ಮಂಕಾದರೆ, ಅಥವಾ ವಾಂತಿ ಬಂದ ಹಾಗಾದರೆ, ಆ ದಿನ ಮತ್ತೆ ಆಡಿಸಬೇಡಿ. ಡಾಕ್ಟರಿಗೆ ತೋರಿಸಿ. ಕನ್ಕಶನ್ (ಪೆಟ್ಟಿನಿಂದ ಮಿದುಳಿಗೆ ಆಗುವ ಆಘಾತ) ಅಂತ ಹೇಳಿದರೆ ಆಸ್ಟ್ರೇಲಿಯನ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನ 2024ರ ಮಾರ್ಗಸೂಚಿ ಪ್ರಕಾರ ಮಕ್ಕಳು ಮೈಗೆ ಮೈ ತಾಗುವ ಪಂದ್ಯಕ್ಕೆ ಮರಳಲು ಕನಿಷ್ಠ 21 ದಿನ ಆಗಬೇಕು. ಸೆಮಿಫೈನಲ್ ಇದೆ, ಕೋಚ್ ಕರೆಯುತ್ತಿದ್ದಾರೆ ಅಂತ ದಿನ ಕಡಿಮೆ ಮಾಡಬೇಡಿ.